ಹುಟ್ಟಿನಿಂದ ಬಂದ ಕುರ್ಚಿ

ಆಳಂದ ತಾಲ್ಲೂಕಿನ ಜಿಡಗಾ ಸುತ್ತಮುತ್ತಲಿನ ಯಾವ ಊರಿನ ಮತದಾರರ ಪಟ್ಟಿಯನ್ನಾದರೂ ತೆಗೆದು ನೋಡಿ. ಪಾಟೀಲ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ, ಜಾಗೀರದಾರ, ತಳವಾರ ಹೀಗೆ ಅಡ್ಡಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಇವೆಲ್ಲ ಹೆಸರುಗಳಾಗುವ ಮುಂಚೆ ಹುದ್ದೆಗಳಾಗಿದ್ದವು. ಮಾಲಿಪಾಟೀಲ ಕಂದಾಯ ಎತ್ತುತ್ತಿದ್ದ. ಪೊಲೀಸ್ ಪಾಟೀಲ ಕಳವು, ಜಗಳ, ಕೊಲೆಗಳ ವರ್ದಿಯನ್ನು ಮೇಲಿನವರಿಗೆ ಮುಟ್ಟಿಸುತ್ತಿದ್ದ. ಕುಲಕರ್ಣಿ ಲೆಕ್ಕ ಬರೆಯುತ್ತಿದ್ದ. ತಳವಾರ ರಾತ್ರಿಯೆಲ್ಲ ಊರು ಕಾಯುತ್ತಿದ್ದ.

ಅಪ್ಪ ತೀರಿಕೊಂಡರೆ ಮಗನಿಗೆ ಕೆಲಸ. ಯೋಗ್ಯತೆಯ ಮಾತು ಬರುತ್ತಿದ್ದುದು ಕಡಿಮೆ, ವಾರಸುದಾರ ಯಾರು ಎಂಬ ಮಾತೇ ಹೆಚ್ಚು. ದಫ್ತರದಲ್ಲಿ ವಾರಸಾ ದಾಖಲಾದರೆ ಮುಗಿಯಿತು. ಇದೇ ಸೀಮೆಯಲ್ಲಿ ಹೆಚ್ಚಾಗಿ ಕೇಳಿಬರುವ 'ಗುತ್ತೇದಾರ' ಎಂಬ ಹೆಸರು ಮಾತ್ರ ಬೇರೆ ಬಗೆಯದು. ಅದು ಗುತ್ತಿಗೆ ಹಿಡಿದವರಿಂದ ಬಂದದ್ದು. ಹಣ ಕಟ್ಟಿ ಹಿಡಿದ ಗುತ್ತಿಗೆಯೂ ನಾಲ್ಕು ತಲೆಮಾರು ಕಳೆದರೆ ಹುಟ್ಟಿನಿಂದ ಬಂದ ಹೆಸರಾಗಿ ಕೂರುತ್ತದೆ ಎಂಬುದು ಒಂದು ತಮಾಷೆ.

ಊರಿನ ಗೌಡಕಿ, ಕುಲಕರ್ಣಿಕಿಗಳನ್ನು ಕಾನೂನು ತೆಗೆದುಹಾಕಿ ಅರವತ್ತು ವರ್ಷದ ಮೇಲಾಯಿತು. ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಒಂದು ಊರಿನ ಲೆಕ್ಕವನ್ನು ಅಪ್ಪನಿಂದ ಮಗನಿಗೆ ಬಿಟ್ಟುಕೊಡುವುದೇ ತಪ್ಪೆಂದು ನಾವು ತೀರ್ಮಾನಿಸಿದ ಮೇಲೆ, ಇಡೀ ದೇಶಕ್ಕೆ ಕಾನೂನು ಮಾಡುವ ಸಭೆಯ ಕುರ್ಚಿ ಅಪ್ಪನಿಂದ ಮಗನಿಗೆ ಹೋಗುವುದಾದರೆ? ನಮಗೆ ಸಂಸತ್ತಿನ ಪಾಠ ಕಲಿಸಿದ ಇಂಗ್ಲೆಂಡಿನಲ್ಲಿ ನೂರಾರು ವರ್ಷ ನಡೆದುಕೊಂಡು ಬಂದದ್ದು ಅದೇ. ಅದನ್ನು ಬಿಡಿಸಲು ಅವರು ಪಟ್ಟ ಪಾಡಿಗೆ 1911ರಿಂದ ಲೆಕ್ಕ ಹಾಕಿದರೂ ನೂರು ವರ್ಷ ಮೀರಿದೆ. ನಮ್ಮಲ್ಲಿಯೂ ಅಂಥದೇ ಒಂದು ಮೇಲ್ಮನೆ ಬರುವುದರಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು ಎಂಬುದನ್ನು ಬಹಳ ಜನ ಮರೆತಿದ್ದಾರೆ.

ಪ್ರಭುಗಳ ಸಭೆ

ಇಂಗ್ಲೆಂಡಿನ ಮೇಲ್ಮನೆಯ ಹೆಸರು ಹೌಸ್ ಆಫ್ ಲಾರ್ಡ್ಸ್, ಅಂದರೆ ಪ್ರಭುಗಳ ಸಭೆ. ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಯ ಬಿರುದುಗಳು ಅಲ್ಲಿವೆ. ಬಿರುದು ಹಿರಿಯ ಮಗನಿಗೆ ಬರುತ್ತಿತ್ತು, ಬಿರುದಿನ ಜೊತೆಗೆ ಸಂಸತ್ತಿನ ಕುರ್ಚಿಯೂ ಬರುತ್ತಿತ್ತು. ಬಿರುದು ಹೆಣ್ಣುಮಕ್ಕಳಿಗೆ ಬಂದ ಅಪರೂಪದ ಮನೆತನಗಳಲ್ಲಿಯೂ ಅವರಿಗೆ ಸಭೆಯೊಳಗೆ ಪ್ರವೇಶ ಸಿಕ್ಕಿದ್ದು 1963ರಲ್ಲಿ.

ಈ ಸಭೆಯೊಳಗೆ ಒಬ್ಬ ಭಾರತೀಯ ಮನೆತನವೂ ಸೇರಿತ್ತು. ಬಂಗಾಳದ ವಕೀಲ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರಿಗೆ 1919ರಲ್ಲಿ ರಾಯಪುರದ ಬ್ಯಾರನ್ ಎಂಬ ವಂಶಪಾರಂಪರ್ಯ ಬಿರುದು ಸಿಕ್ಕಿತು. ಅವರು ತೀರಿಕೊಂಡ ಮೇಲೆ ಮಗ ಕುರ್ಚಿ ಕೇಳಿದಾಗ ಒಂದು ವಿಚಿತ್ರ ತಕರಾರು ಎದ್ದಿತು. ಅಂದಿನ ಹಿಂದೂ ಪದ್ಧತಿಯಲ್ಲಿ ಒಬ್ಬನಿಗೆ ಹಲವು ಹೆಂಡಿರಿರಬಹುದಾದ್ದರಿಂದ ಇಂಗ್ಲಿಷ್ ಕಾನೂನಿನ ಕಣ್ಣಿನಲ್ಲಿ 'ಸಕ್ರಮ ಹಿರಿಯ ಮಗ' ಯಾರು? ಸಿನ್ಹಾ ದಂಪತಿಗಳು ಏಕಪತ್ನಿತ್ವದ ಬ್ರಾಹ್ಮಸಮಾಜ ಸೇರಿದ್ದರು ಎಂಬ ಆಧಾರದ ಮೇಲೆ 1939ರಲ್ಲಿ ತಕರಾರು ಬಗೆಹರಿಯಿತು. ಹುಟ್ಟನ್ನೇ ಅರ್ಹತೆ ಮಾಡಿಕೊಂಡ ಸಭೆ ಕೊನೆಗೆ ವಿಚಾರಿಸಬೇಕಾಗಿ ಬಂದದ್ದು ಇನ್ನೊಬ್ಬರ ಮದುವೆಯನ್ನು.

ಪ್ರಭುಗಳಿಗೆ ಮೊದಲ ಏಟು ಬಿದ್ದದ್ದು 1911ರಲ್ಲಿ. ಶ್ರೀಮಂತರ ಮೇಲೆ ತೆರಿಗೆ ಹಾಕಿದ 1909ರ ಆಯವ್ಯಯವನ್ನು ಅವರು ತಿರಸ್ಕರಿಸಿದ್ದರು. ಕೆಳಮನೆ ಸೇಡು ತೀರಿಸಿಕೊಂಡಿತು. ಇನ್ನು ಮುಂದೆ ಮೇಲ್ಮನೆ ಮಸೂದೆಗಳನ್ನು ಎರಡು ವರ್ಷ ತಡೆಯಬಹುದೇ ಹೊರತು ಕೊಲ್ಲುವಂತಿಲ್ಲ ಎಂಬ ಕಾಯ್ದೆ ಬಂತು. ಆದರೆ ಆ ಕಾಯ್ದೆಗೂ ಮೇಲ್ಮನೆಯ ಒಪ್ಪಿಗೆ ಬೇಕಲ್ಲ! ಒಪ್ಪದಿದ್ದರೆ ನೂರಾರು ಹೊಸ ಪ್ರಭುಗಳನ್ನು ಸೃಷ್ಟಿಸಿ ನಿಮ್ಮನ್ನು ಮುಳುಗಿಸುತ್ತೇವೆ ಎಂದು ದೊರೆಯ ಹೆಸರಿನಲ್ಲಿ ಬೆದರಿಕೆ ಹಾಕಿದ ಮೇಲೆ 131 ಜನ ಪರವಾಗಿ, 114 ಜನ ವಿರುದ್ಧವಾಗಿ ಮತ ಹಾಕಿದರು. ಕುರ್ಚಿಗಳು ಮಾತ್ರ ಹಾಗೆಯೇ ಉಳಿದವು. ಒಂದು ಹಕ್ಕನ್ನು ತೆಗೆಯಬೇಕಾದವರು ಅದನ್ನು ಅನುಭವಿಸುವವರೇ ಆದರೆ ಸುಧಾರಣೆ ಎಷ್ಟು ನಿಧಾನವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ನಮಗೆ ಬರಲಿದ್ದ ಮೇಲ್ಮನೆ

ಈಗ ನಮ್ಮ ಕಡೆ ಬರೋಣ. ಆಗ ಕಲಬುರಗಿ ಗುಲ್ಬರ್ಗಾ ಆಗಿತ್ತು, ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. ಆ ಸಂಸ್ಥಾನದ ನೆಲದಲ್ಲಿ ಸುಮಾರು ಶೇಕಡಾ 60 ಮಾತ್ರ ಸರಕಾರದ ನೇರ ಆಡಳಿತದ ದಿವಾನಿ ಭೂಮಿ. ಸುಮಾರು ಶೇಕಡಾ 10 ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್. ಉಳಿದ ಶೇಕಡಾ 30ರಷ್ಟು ಜಾಗೀರದಾರರದು. ಜಾಗೀರದಾರರಲ್ಲೆಲ್ಲ ದೊಡ್ಡವರು ಪೈಗಾ ಅಮೀರರು. ನಿಜಾಮರಿಗಾಗಿ ಕುದುರೆ ದಂಡು ಸಾಕುವ ಕರಾರಿನ ಮೇಲೆ ಈ ಮನೆತನಗಳಿಗೆ ತಾಲ್ಲೂಕುಗಳನ್ನೇ ಬರೆದುಕೊಟ್ಟಿದ್ದರು. ದಂಡಿನ ಕಾಲ ಮುಗಿದರೂ ತಾಲ್ಲೂಕುಗಳು ವಂಶದಲ್ಲಿ ಉಳಿದವು. ಆಳಂದವೂ ಅಂಥ ಒಂದು ಪೈಗಾ ತಾಲ್ಲೂಕು. ಪಡುವಣಕ್ಕೆ ಗಡಿ ದಾಟಿದರೆ ಕನ್ನಡ ಮಾತು ನಿಲ್ಲದಿದ್ದರೂ ರಾಜ ಬದಲಾಗುತ್ತಿದ್ದ. ಅಲ್ಲಿ ಅಕ್ಕಲಕೋಟೆಯ ಭೋಸಲೆ ಸಂಸ್ಥಾನ. ಹೀಗೆ ಊರಿನ ಗೌಡನಿಂದ ಹಿಡಿದು ಹೈದರಾಬಾದಿನ ಗಾದಿಯವರೆಗೆ ರೈತನೊಬ್ಬನ ತಲೆಯ ಮೇಲಿದ್ದ ಅಧಿಕಾರದಲ್ಲಿ ಬಹುಪಾಲು ಹುಟ್ಟಿನಿಂದ ಬಂದದ್ದೇ.

ಬ್ರಿಟಿಷರು 1921ರ ಫೆಬ್ರುವರಿಯಲ್ಲಿ ನರೇಂದ್ರ ಮಂಡಲ ಎಂಬ ರಾಜರ ಸಭೆಯನ್ನು ದೆಹಲಿಯಲ್ಲಿ ತೆರೆದರು. ಒಟ್ಟು 120 ಸ್ಥಾನಗಳು. 108 ರಾಜರಿಗೆ ತಲಾ ಒಂದು, ಇನ್ನುಳಿದ 127 ಸಣ್ಣ ಸಂಸ್ಥಾನಗಳಿಗೆಲ್ಲ ಸೇರಿ 12. ಅದು ಸಲಹೆ ಕೊಡುವ ಸಭೆ, ಕಾನೂನು ಮಾಡುವಂತಿರಲಿಲ್ಲ. ಹೈದರಾಬಾದ್ ಮತ್ತು ಮೈಸೂರು ಅದರಿಂದ ದೂರವೇ ಉಳಿದವು. ತಮ್ಮಷ್ಟು ದೊಡ್ಡವರು ಸಣ್ಣ ರಾಜರ ಸಾಲಿನಲ್ಲಿ ಕೂರುವುದು ಹೇಗೆ ಎಂಬ ಬಿಗುಮಾನವೂ ಇದ್ದಿರಬಹುದು.

ನಿಜವಾದ ಗಂಡಾಂತರ ಬಂದದ್ದು 1935ರ ಭಾರತ ಸರಕಾರ ಕಾಯ್ದೆಯಲ್ಲಿ. ಆ ಕಾಯ್ದೆ ಇಡೀ ಭಾರತಕ್ಕೆ ಒಂದು ಒಕ್ಕೂಟವನ್ನೂ ಎರಡು ಮನೆಗಳ ಸಂಸತ್ತನ್ನೂ ಯೋಜಿಸಿತ್ತು. ಮೇಲ್ಮನೆಯಲ್ಲಿ 260 ಸ್ಥಾನ. ಅವುಗಳಲ್ಲಿ 104 ಸಂಸ್ಥಾನಗಳಿಗೆ. ಈ 104 ಜನರನ್ನು ಆರಿಸುವವರು ಸಂಸ್ಥಾನದ ಪ್ರಜೆಗಳಲ್ಲ, ನೇಮಿಸುವವರು ರಾಜರು. ಹೈದರಾಬಾದಿಗೆ 5 ಸ್ಥಾನ, ಮೈಸೂರಿಗೆ 3. 1931ರ ಜನಗಣತಿಯ ಪ್ರಕಾರ ಹೈದರಾಬಾದಿನ ಜನಸಂಖ್ಯೆ ಸುಮಾರು 1 ಕೋಟಿ 44 ಲಕ್ಷ. ಇಷ್ಟು ಜನರ ಪರವಾಗಿ ಮೇಲ್ಮನೆಯಲ್ಲಿ ಮಾತಾಡುವ ಐವರ ಹೆಸರನ್ನು ಒಬ್ಬ ವ್ಯಕ್ತಿ, ಅದೂ ತನ್ನ ತಂದೆಯ ಮಗನಾಗಿ ಹುಟ್ಟಿದ ಕಾರಣಕ್ಕೆ, ಬರೆದು ಕಳಿಸುತ್ತಿದ್ದರು. ಇಂಗ್ಲೆಂಡಿನ ಪ್ರಭು ತಾನೇ ಬಂದು ಕೂರುತ್ತಿದ್ದ. ನಮ್ಮ ಪ್ರಭುಗಳು ತಮ್ಮ ಕಡೆಯವರನ್ನು ಕಳಿಸುತ್ತಿದ್ದರು. ವ್ಯತ್ಯಾಸ ಅಷ್ಟೇ.

ಈ ಒಕ್ಕೂಟ ಹುಟ್ಟಲೇ ಇಲ್ಲ. ಮೇಲ್ಮನೆಯಲ್ಲಿ ಕನಿಷ್ಠ 52 ಸ್ಥಾನಗಳಿಗೆ ಹಕ್ಕುಳ್ಳ, ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧದಷ್ಟನ್ನಾದರೂ ಒಳಗೊಂಡ ಸಂಸ್ಥಾನಗಳು ಸಹಿ ಹಾಕಬೇಕು ಎಂಬ ಷರತ್ತಿತ್ತು. ರಾಜರು ಚೌಕಾಸಿ ಮಾಡುತ್ತ ಕೂತರು. 1939ರಲ್ಲಿ ಮಹಾಯುದ್ಧ ಬಂದು ಮಾತುಕತೆ ನಿಂತುಹೋಯಿತು. ಅಂದು ಅವರು ಬೇಗ ಸಹಿ ಹಾಕಿದ್ದರೆ? ಇಂಗ್ಲೆಂಡಿನಂತೆ ನಾವೂ ಒಂದು ಹಳೆಯ ಮೇಲ್ಮನೆಯನ್ನು ಸ್ವಾತಂತ್ರ್ಯದ ಜೊತೆ ಬಳುವಳಿಯಾಗಿ ಪಡೆದು, ಅದನ್ನು ತಿದ್ದುವುದು ಹೇಗೆಂದು ತಲೆ ಕೆಡಿಸಿಕೊಳ್ಳುತ್ತಿದ್ದೆವೋ ಏನೋ. ರಾಜರ ಮೊಂಡುತನ ನಮಗೆ ಉಪಕಾರ ಮಾಡಿತು ಎಂದೇ ನನಗೆ ಕಾಣುತ್ತದೆ.

ಜಾಗೀರು ಹೋದದ್ದು

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಭಾರತದೊಳಗೆ ಬಂತು. ಒಂದು ವರ್ಷ ತುಂಬುವ ಮುಂಚೆಯೇ, 1949ರ ಆಗಸ್ಟಿನಲ್ಲಿ, ಜಾಗೀರುಗಳ ರದ್ದತಿಯ ಕಾನೂನು ಬಂತು. ಸರ್ಫ್-ಎ-ಖಾಸ್ ಅದಕ್ಕೂ ಮೊದಲೇ ದಿವಾನಿಯಲ್ಲಿ ಸೇರಿಹೋಗಿತ್ತು. ಜಾಗೀರದಾರರಿಗೆ ಪರಿಹಾರದ ಹಣವನ್ನು ಕಂತಿನ ಮೇಲೆ ಕೊಡುವುದೆಂದು ಗೊತ್ತಾಯಿತು. ತಲೆಮಾರುಗಳಿಂದ ಪೈಗಾ ಮನೆತನದ ಕಚೇರಿಗೆ ಕಂದಾಯ ಕಟ್ಟುತ್ತಿದ್ದ ಆಳಂದದ ರೈತ ಇನ್ನು ಸರಕಾರಕ್ಕೆ ಕಟ್ಟುವವನಾದ.

ಇಷ್ಟು ಬೇಗ ಹೇಗಾಯಿತು? ಉತ್ತರ ಅಷ್ಟು ಹಿತವಾದದ್ದಲ್ಲ. ಅಂದು ಹೈದರಾಬಾದನ್ನು ಆಳುತ್ತಿದ್ದುದು ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಮಿಲಿಟರಿ ಸರಕಾರ. ಒಪ್ಪಿಗೆ ಕೇಳಬೇಕಾದ ಶಾಸನಸಭೆಯೇ ಇರಲಿಲ್ಲ. ಇಂಗ್ಲೆಂಡಿನ ಪ್ರಭುಗಳಂತೆ ತಮ್ಮ ಹಕ್ಕಿನ ಮೇಲೆ ತಾವೇ ಮತ ಹಾಕುವ ಅವಕಾಶ ಜಾಗೀರದಾರರಿಗೆ ಸಿಗಲಿಲ್ಲ. ನ್ಯಾಯವಾದ ಕೆಲಸವೇ ಆಯಿತು, ಆದರೆ ಅದನ್ನು ಪ್ರಜಾಪ್ರಭುತ್ವದ ಗೆಲುವೆಂದು ಬರೆಯಲು ಕೈ ತಡೆಯುತ್ತದೆ.

ಇನ್ನೊಂದು ಸಂಗತಿ. ಜಾಗೀರು ಹೋಯಿತು, ಗಾದಿಯ ನೆರಳು ಹೋಗಲಿಲ್ಲ. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಹೈದರಾಬಾದ್ ಮತ್ತು ಮೈಸೂರು 'ಬಿ' ವರ್ಗದ ರಾಜ್ಯಗಳಾದವು. ಅವುಗಳ ಮುಖ್ಯಸ್ಥರಿಗೆ ರಾಜ್ಯಪಾಲರೆಂಬ ಹೆಸರಿರಲಿಲ್ಲ, ರಾಜಪ್ರಮುಖರೆಂದಿತ್ತು. ಹೈದರಾಬಾದಿಗೆ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್, ಮೈಸೂರಿಗೆ ಜಯಚಾಮರಾಜ ಒಡೆಯರ್. ರಾಜ್ಯಪಾಲರಂತೆ ರಾಜಪ್ರಮುಖರೂ ಶಾಸಕಾಂಗದ ಒಂದು ಅಂಗ. ಮಸೂದೆ ಕಾನೂನಾಗಲು ಅವರ ಅಂಕಿತ ಬೇಕು. ಅಂದರೆ 1952ರ ಮೊದಲ ಮಹಾಚುನಾವಣೆಯಲ್ಲಿ ಗುಲ್ಬರ್ಗಾದ ಜನ ತಮ್ಮ ಶಾಸಕರನ್ನು ಆರಿಸಿ ಕಳಿಸಿದಾಗಲೂ ಆ ಶಾಸಕಾಂಗದ ತುದಿಯಲ್ಲಿ ಹುಟ್ಟಿನಿಂದ ಬಂದ ಒಂದು ಕುರ್ಚಿ ಇದ್ದೇ ಇತ್ತು. 1956ರ ನವೆಂಬರ್ 1ರಂದು, ರಾಜ್ಯಗಳ ಮರುವಿಂಗಡಣೆಯೊಂದಿಗೆ ರಾಜಪ್ರಮುಖ ಪದವಿಯೇ ಹೋಯಿತು. ಅದೇ ದಿನ ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದ್ ರಾಜ್ಯಕ್ಕೆ ವಿಧಾನ ಪರಿಷತ್ತು ಇರಲಿಲ್ಲ, ಮೈಸೂರಿಗೆ ಇತ್ತು. ಆದ್ದರಿಂದ ಈ ಭಾಗದ ಜನರಿಗೆ ತಮ್ಮದೇ ರಾಜ್ಯದ ಮೇಲ್ಮನೆ ಎಂಬುದೊಂದು ಸಿಕ್ಕಿದ್ದೂ ಅಂದಿನಿಂದಲೇ.

ಗೌಡಕಿ ಹೋದದ್ದು

ಊರೊಳಗಿನ ಕುರ್ಚಿಗಳು ಇನ್ನೂ ಉಳಿದಿದ್ದವು. ಅವುಗಳಿಗೆ ಕುತ್ತು ಬಂದದ್ದು ಸಂವಿಧಾನದ ಒಂದೇ ಪದದಿಂದ. 16ನೆಯ ವಿಧಿಯ ಎರಡನೆಯ ಖಂಡವು ಸರಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ ಮೊದಲಾದವುಗಳ ಆಧಾರದ ಮೇಲೆ ಭೇದ ಮಾಡಬಾರದೆಂದು ಹೇಳುತ್ತದೆ. ಆ ಪಟ್ಟಿಯಲ್ಲಿ 'ವಂಶ' ಎಂಬ ಮಾತೂ ಇದೆ. ಆಂಧ್ರದ ಒಂದು ಹಳ್ಳಿಯ ಗ್ರಾಮ ಮುನ್ಸಿಫ್ ಹುದ್ದೆಗೆ ಇಬ್ಬರು ಪೈಪೋಟಿ ನಡೆಸಿದ್ದರು. ಮದ್ರಾಸಿನ 1895ರ ಕಾಯ್ದೆಯಂತೆ ಹಿಂದಿನ ಅಧಿಕಾರಿಯ ಕುಟುಂಬದವರಿಗೇ ಆದ್ಯತೆ ಸಿಕ್ಕಿತು. ಸೋತವರು ಸುಪ್ರೀಂ ಕೋರ್ಟಿಗೆ ಹೋದರು. ಇದೇ ಗಾಜುಲ ದಶರಥ ರಾಮರಾವ್ ಪ್ರಕರಣ. ಮುನ್ಸಿಫ್ ಗಿರಿ ಮನೆತನದ ಆಸ್ತಿಯಲ್ಲ, ಸರಕಾರದ ಕೆಳಗಿನ ಹುದ್ದೆ, ವಂಶ ನೋಡಿ ಅದನ್ನು ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1960ರ ಡಿಸೆಂಬರಿನಲ್ಲಿ ತೀರ್ಪಾಯಿತು.

ಮರುವರ್ಷವೇ ಮೈಸೂರು ರಾಜ್ಯ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರುವರಿ 1ರಿಂದ ಅದು ಜಾರಿಗೆ ಬಂತು. ಹಳೆ ಮೈಸೂರಿನ ಪಟೇಲ, ಶಾನುಭೋಗ, ತೋಟಿ, ನೀರಗಂಟಿ. ಮುಂಬಯಿ ಕರ್ನಾಟಕದ ಗೌಡ, ಕುಲಕರ್ಣಿ, ಶೇತಸನದಿ. ನಮ್ಮ ಕಡೆಯ ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ, ತಳವಾರ ಎಲ್ಲರ ವಂಶದ ಹಕ್ಕೂ ಒಂದೇ ದಿನ ಹೋಯಿತು. ಲೆಕ್ಕ ಬರೆಯಲು ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಶಾನುಭೋಗರು ನ್ಯಾಯಾಲಯಕ್ಕೆ ಹೋದರು, ಸುಪ್ರೀಂ ಕೋರ್ಟಿನವರೆಗೂ ಹೋದರು. ಕಾಯ್ದೆ ನಿಂತಿತು.

ಎಷ್ಟೋ ವತನದಾರರಿಗೆ ಸಂಬಳದ ಬದಲು ಇನಾಂ ಹೊಲವಿರುತ್ತಿತ್ತು. ಕಾಯ್ದೆ ಆ ಹೊಲವನ್ನು ಸರಕಾರಕ್ಕೆ ತೆಗೆದುಕೊಂಡು, ನಿಗದಿಯಾದ ಹಣ ಕಟ್ಟಿದರೆ ಅದೇ ವತನದಾರನಿಗೆ ಮರುಮಂಜೂರು ಮಾಡುತ್ತಿತ್ತು. ಗೌಡ, ಕುಲಕರ್ಣಿಗಳಿಗೆ ಇದು ಕಷ್ಟವಾಗಲಿಲ್ಲ. ಕಾಗದಪತ್ರ ಅವರ ಮನೆಯಲ್ಲೇ ಇದ್ದವು, ಕಚೇರಿಯ ದಾರಿ ಅವರಿಗೆ ಗೊತ್ತಿತ್ತು. ತಳವಾರ, ತೋಟಿಗಳ ಪಾಡು ಬೇರೆ. ಅವರ ವತನ ಹೆಸರಿಗೆ ಹಕ್ಕು, ನಿಜದಲ್ಲಿ ಬಿಟ್ಟು ಹೋಗಲಾಗದ ಬಿಟ್ಟಿ ಚಾಕರಿ. ಊರು ಕಾಯುವುದು, ಸತ್ತ ಸುದ್ದಿ ಮುಟ್ಟಿಸುವುದು, ಅಧಿಕಾರಿ ಬಂದರೆ ಮುಂದೆ ಓಡುವುದು. ಅದಕ್ಕೆ ಪ್ರತಿಯಾಗಿ ಸಿಕ್ಕ ತುಂಡು ಹೊಲದಲ್ಲಿ ಅಣ್ಣತಮ್ಮಂದಿರ ಹತ್ತಾರು ಪಾಲು. ಎಷ್ಟೋ ಕಡೆ ಮರುಮಂಜೂರಾತಿಗೆ ಮುಂಚೆಯೇ ಆ ಹೊಲ ಅಗ್ಗಕ್ಕೆ ಬೇರೆಯವರ ಕೈ ಸೇರಿತ್ತು. 1978ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಮರುಮಂಜೂರಾದ ಭೂಮಿಯ ಪರಭಾರೆಯನ್ನು 15 ವರ್ಷ ನಿಷೇಧಿಸಬೇಕಾಯಿತು. ಆ ಮಾರಾಟಗಳ ವ್ಯಾಜ್ಯಗಳಲ್ಲಿ ಹಲವು ಹೈಕೋರ್ಟಿನವರೆಗೂ ಹೋಗಿವೆ.

ಒಂದು ಮತದ ಕಥೆ

ರಾಜರಿಗೆ ಮಾತ್ರ ಇನ್ನೊಂದು ಹಕ್ಕು ಉಳಿದಿತ್ತು, ರಾಜಧನ. ಸಂಸ್ಥಾನ ಬಿಟ್ಟುಕೊಟ್ಟದ್ದಕ್ಕೆ ಪ್ರತಿವರ್ಷ ತೆರಿಗೆಯಿಲ್ಲದ ಹಣ. ನಿಜಾಮರಿಗೆ ಆರಂಭದಲ್ಲಿ 50 ಲಕ್ಷ, ಮೈಸೂರಿನ ಒಡೆಯರಿಗೆ 26 ಲಕ್ಷ ರೂಪಾಯಿ. ಸಂವಿಧಾನದ 291ನೆಯ ವಿಧಿಯೇ ಅದಕ್ಕೆ ಖಾತರಿ. ಸಂಸ್ಥಾನಗಳನ್ನು ರಕ್ತವಿಲ್ಲದೆ ಒಂದುಗೂಡಿಸಿದ್ದಕ್ಕೆ ಇದು ಸಣ್ಣ ಬೆಲೆ ಎಂದು ಸರ್ದಾರ್ ಪಟೇಲರು ವಾದಿಸಿದ್ದರು. ಎರಡು ದಶಕಗಳ ನಂತರ ಇಂದಿರಾ ಗಾಂಧಿಯವರ ಸರಕಾರ, ಸಮಾನತೆಯ ಮಾತಾಡುವ ದೇಶದಲ್ಲಿ ಹುಟ್ಟಿಗೆ ಸಂಬಳ ಕೊಡುವುದು ಸಲ್ಲದು ಎಂದಿತು. ಎರಡು ಮಾತಿನಲ್ಲೂ ಹುರುಳಿತ್ತು. ಕೊಟ್ಟ ಮಾತು ಉಳಿಸಿಕೊಳ್ಳುವುದೂ ಸರಕಾರದ ಧರ್ಮವೇ.

1970ರ ಸೆಪ್ಟೆಂಬರಿನಲ್ಲಿ ಲೋಕಸಭೆ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಮಸೂದೆ ರಾಜ್ಯಸಭೆಗೆ ಬಂತು. ಅಲ್ಲಿ ಹುಟ್ಟಿನಿಂದ ಕೂತವರು ಒಬ್ಬರೂ ಇಲ್ಲ, 12 ಜನ ನಾಮಕರಣಗೊಂಡವರನ್ನು ಬಿಟ್ಟರೆ ಎಲ್ಲರೂ ಶಾಸಕರಿಂದ ಆರಿಸಿ ಬರುವವರು. ಪರ 149, ವಿರುದ್ಧ 75. ಒಟ್ಟು 224. ಸಂವಿಧಾನದ ತಿದ್ದುಪಡಿಗೆ ಮತ ಹಾಕಿದವರಲ್ಲಿ ಮೂರನೆಯ ಎರಡು ಭಾಗ ಬೇಕು. 224ರ ಮೂರನೆಯ ಎರಡು ಭಾಗವೆಂದರೆ 149.33. ಒಂದು ಮತದ ಮೂರನೆಯ ಒಂದು ಪಾಲು ಕಡಿಮೆ. ಮತವನ್ನು ತುಂಡು ಮಾಡಲಾಗದಾದ್ದರಿಂದ ಇನ್ನೊಬ್ಬರು ಬೇಕಿತ್ತು. ಆ ಒಬ್ಬರು ಸಿಗಲಿಲ್ಲ. ರಾಜರ ಹಕ್ಕು ಉಳಿಯಿತು.

ಸರಕಾರ ಸೋಲನ್ನು ಒಪ್ಪದೆ ರಾಷ್ಟ್ರಪತಿಗಳ ಆಜ್ಞೆಯ ಮೂಲಕ ರಾಜರ ಮಾನ್ಯತೆಯನ್ನು ತೆಗೆದುಹಾಕಿತು. ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ಆಜ್ಞೆಯನ್ನು ಅನೂರ್ಜಿತಗೊಳಿಸಿತು. ಲೋಕಸಭೆ ವಿಸರ್ಜನೆಯಾಗಿ 1971ರ ಮಾರ್ಚಿನಲ್ಲಿ ಚುನಾವಣೆ ನಡೆಯಿತು, ದೊಡ್ಡ ಬಹುಮತ ಬಂತು. 1971ರ ಡಿಸೆಂಬರಿನಲ್ಲಿ 26ನೆಯ ತಿದ್ದುಪಡಿ ರಾಜಧನವನ್ನೂ ರಾಜರೆಂಬ ಮಾನ್ಯತೆಯನ್ನೂ ಕೊನೆಗೊಳಿಸಿತು. ಹೆಚ್ಚೆಂದರೆ ಹದಿನೈದು ತಿಂಗಳ ವಿಳಂಬ. ಇದನ್ನು ಮೇಲ್ಮನೆಯ ಹಟ ಎನ್ನುವವರಿದ್ದಾರೆ. ಆದರೆ ವಂಶದ ಹಕ್ಕನ್ನು ಕಚೇರಿಯ ಒಂದು ಆಜ್ಞೆಯಿಂದ ತೆಗೆಯಲಾಗದೆ, ಜನರ ಮುಂದೆ ಹೋಗಿ ಮತ ಕೇಳಿ ತೆಗೆಯುವಂತಾದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಗಾದಿ ಹೋದ ಮೇಲೆ ರಾಜಮನೆತನದವರು ಏನಾದರು? ಸಂಡೂರಿನ ಕೊನೆಯ ಅರಸರ ಮಗ ಎಂ.ವೈ. ಘೋರ್ಪಡೆ ಚುನಾವಣೆಗೆ ನಿಂತು ಗೆದ್ದು, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾದರು. ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ನಾಲ್ಕು ಸಲ ಲೋಕಸಭೆಗೆ ಗೆದ್ದರು, 1991ರಲ್ಲಿ ಮತ್ತು 2004ರಲ್ಲಿ ಸೋತರು. ನಮ್ಮ ಪಕ್ಕದ ಸುರಪುರದಲ್ಲಿ ನಾಯಕ ಅರಸು ಮನೆತನದ ರಾಜಾ ವೆಂಕಟಪ್ಪ ನಾಯಕರು 2018ರಲ್ಲಿ ಸೋತು 2023ರಲ್ಲಿ ಗೆದ್ದರು, 2024ರ ಫೆಬ್ರುವರಿಯಲ್ಲಿ ನಿಧನರಾದರು. ಮನೆತನದ ಹೆಸರು ಮತ ತರುತ್ತದೆ, ಸುಳ್ಳಲ್ಲ. ಇಂದಿನ ರಾಜಕೀಯದಲ್ಲಿ ಅರಸು ಮನೆತನವಲ್ಲದವರೂ ಅದೇ ದಾರಿ ಹಿಡಿದಿದ್ದಾರೆಂದು ಓದುಗರು ಹೇಳಿಯಾರು. ಅದೂ ಸುಳ್ಳಲ್ಲ. ಆದರೆ ಹೆಸರಿದ್ದವರನ್ನು ಜನ ಸೋಲಿಸಬಹುದು ಎಂಬ ಒಂದು ಸಂಗತಿ ದೊಡ್ಡದು.

ಮೂರು ಮತದ ಚುನಾವಣೆ

ಇಂಗ್ಲೆಂಡಿನಲ್ಲಿ ಅದೂ ಅನುಮಾನವಾಗಿತ್ತು. 1958ರಲ್ಲಿ ಜೀವಾವಧಿ ಸದಸ್ಯರನ್ನು ನೇಮಿಸುವ ಪದ್ಧತಿ ಬಂತು, 1963ರಲ್ಲಿ ಬೇಡವೆನಿಸಿದರೆ ಬಿರುದನ್ನು ಬಿಟ್ಟುಬಿಡಬಹುದೆಂಬ ಕಾಯ್ದೆ ಬಂತು. ಆ ಕಾಯ್ದೆಗೆ ಕಾರಣ ಟೋನಿ ಬೆನ್. ತಂದೆ ಸತ್ತು ಬಿರುದು ತಲೆಗೆ ಬಿದ್ದದ್ದರಿಂದ ಕೆಳಮನೆಯ ಸದಸ್ಯತ್ವ ಕಳೆದುಕೊಂಡು, 1961ರ ಉಪಚುನಾವಣೆಯಲ್ಲಿ ಗೆದ್ದರೂ ಒಳಗೆ ಬಿಡಿಸಿಕೊಳ್ಳದೆ ಹೋರಾಡಿದವರು. ಹುಟ್ಟು ಕೆಲವರನ್ನು ಒಳಗೆ ಕೂರಿಸುವಂತೆ ಕೆಲವರನ್ನು ಹೊರಗೂ ಹಾಕುತ್ತದೆ.

ಕೊನೆಗೆ 1999ರಲ್ಲಿ ಟೋನಿ ಬ್ಲೇರ್ ಸರಕಾರ ವಂಶಪಾರಂಪರ್ಯದ 750ಕ್ಕೂ ಹೆಚ್ಚು ಪ್ರಭುಗಳನ್ನು ತೆಗೆಯಲು ಹೊರಟಿತು. ಮೇಲ್ಮನೆ ಗಲಾಟೆ ಮಾಡದಿರಲೆಂದು ಗುಟ್ಟಿನಲ್ಲಿ ಒಂದು ರಾಜಿಯಾಯಿತು. 92 ಜನ ಸದ್ಯಕ್ಕೆ ಇರಲಿ, ಮುಂದಿನ ಸುಧಾರಣೆ ಬಂದಾಗ ಹೋಗಲಿ ಎಂದು. ವಿರೋಧ ಪಕ್ಷದ ಪರವಾಗಿ ಈ ರಾಜಿ ಕುದುರಿಸಿದ ಲಾರ್ಡ್ ಕ್ರಾನ್‌ಬೋರ್ನ್ ತಮ್ಮ ನಾಯಕನಿಗೂ ತಿಳಿಸದೆ ಮಾಡಿದ್ದಕ್ಕೆ ಸ್ಥಾನ ಕಳೆದುಕೊಂಡರು. ಮುಂದಿನ ಸುಧಾರಣೆ ಮಾತ್ರ ಬರಲಿಲ್ಲ. 'ಸದ್ಯಕ್ಕೆ' ಎಂಬ ಮಾತು ಕಾಲು ಶತಮಾನ ಉಳಿಯಿತು. ಸ್ಥಾನ ತೆರವಾದರೆ ಉಪಚುನಾವಣೆ ನಡೆಯುತ್ತಿತ್ತು! ಹುರಿಯಾಳುಗಳು ಬಿರುದುಳ್ಳವರೇ ಆಗಬೇಕಿತ್ತು, ಬಹುಪಾಲು ಸ್ಥಾನಗಳಿಗೆ ಮತದಾರರು ಆ ಪಕ್ಷದ ಬಿರುದುಳ್ಳ ಸದಸ್ಯರಾಗಿದ್ದರು.

2016ರಲ್ಲಿ ನಡೆದ ಇಂಥ ಒಂದು ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಟ್ ಪಕ್ಷದ ಸ್ಥಾನಕ್ಕೆ ಏಳು ಹುರಿಯಾಳುಗಳು, ಮೂರು ಮತದಾರರು. ವೈಕೌಂಟ್ ಥರ್ಸೋ ಮೂರಕ್ಕೆ ಮೂರು ಮತ ಪಡೆದು ಗೆದ್ದರು. ಅವರು 1999ರಲ್ಲಿ ಮೇಲ್ಮನೆಯಿಂದ ಹೊರಬಿದ್ದು, 2001ರಲ್ಲಿ ಜನರಿಂದ ಆರಿಸಿ ಕೆಳಮನೆಗೆ ಬಂದು, 2015ರಲ್ಲಿ ಜನರಿಂದಲೇ ಸೋತವರು. ಜನ ಮನೆಗೆ ಕಳಿಸಿದವರನ್ನು ವಂಶ ಮರುವರ್ಷ ಸಂಸತ್ತಿಗೆ ಕರೆತಂದಿತು. 2024ರ ಸೆಪ್ಟೆಂಬರಿನಲ್ಲಿ ಉಳಿದ 92 ಸ್ಥಾನಗಳನ್ನೂ ತೆಗೆಯುವ ಮಸೂದೆಯನ್ನು ಅಲ್ಲಿನ ಹೊಸ ಸರಕಾರ ಮಂಡಿಸಿತು.

ಅದಕ್ಕೆ ಹೋಲಿಸಿದರೆ ಬೆಂಗಳೂರಿನ ನಮ್ಮ ಮೇಲ್ಮನೆಗೆ ಜಿಡಗಾದಂಥ ಊರಿನ ನಂಟು ಹತ್ತಿರದ್ದು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಸ್ಥಳೀಯ ಸಂಸ್ಥೆಗಳ ಸದಸ್ಯರು ಮತ ಹಾಕುತ್ತಾರೆ. ಅಂದರೆ ಗ್ರಾಮ ಪಂಚಾಯತಿಗೆ ಆರಿಸಿ ಬಂದ ಕೂಲಿ ಹೆಣ್ಣುಮಗಳೊಬ್ಬಳ ಮತಕ್ಕೂ ಮಾಜಿ ಗೌಡರ ಮನೆಯವರ ಮತಕ್ಕೂ ಅಲ್ಲಿ ಒಂದೇ ತೂಕ. ಆ ಚುನಾವಣೆಯಲ್ಲಿ ಹಣ ಓಡಾಡುತ್ತದೆ ಎಂಬ ದೂರು ಹಳೆಯದು. ಆ ಕಥೆ ಬೇರೆ.

ವಂಶದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲದಿರುವುದು ಬೇರೆಡೆ. 2020ರಲ್ಲಿ ಸಂಸತ್ತು ಕಾಯ್ದೆ ಮಾಡಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕರ ಪರ್ಯಾಯ ಹೆಸರುಗಳಾಗಿ ಪರಿವಾರ, ತಳವಾರ ಎಂಬವನ್ನು ಸೇರಿಸಿತು. ಕಲಬುರಗಿ ಸೀಮೆಯಲ್ಲಿ ತಳವಾರ ಎಂಬ ಹೆಸರು ಹೊತ್ತ ಕೋಲಿ, ಕಬ್ಬಲಿಗ ಮನೆತನಗಳು ಬಹಳ. ತಮ್ಮ ಹೆಸರೂ ಅದೇ ಆದ್ದರಿಂದ ಪ್ರಮಾಣಪತ್ರ ಬೇಕೆಂದು ಅವರು ಕೇಳಿದರು. ಅದು ನಿಮ್ಮ ಹಿರಿಯರು ಮಾಡುತ್ತಿದ್ದ ಕೆಲಸದ ಹೆಸರು, ಪಂಗಡದ ಹೆಸರಲ್ಲ ಎಂದು ಎದುರು ವಾದ. ಅರ್ಜಿ, ಧರಣಿ, ಕೋರ್ಟು ಎಲ್ಲವೂ ಆದವು. ಹುದ್ದೆಯನ್ನು 1963ರಲ್ಲಿ ತೆಗೆದುಹಾಕಿದ ಕಂದಾಯ ಇಲಾಖೆಯ ಕಚೇರಿಗಳಲ್ಲಿಯೇ ಅಜ್ಜನ ಶಾಲಾ ದಾಖಲೆ, ಹಳೆಯ ಪಹಣಿಗಳನ್ನು ತಂದು ಮೇಜಿನ ಮೇಲಿಟ್ಟು, ಅಲ್ಲಿ ಬರೆದಿರುವ 'ತಳವಾರ' ಎಂಬ ನಾಲ್ಕು ಅಕ್ಷರದ ಪದ ಕೆಲಸವೋ ಕುಲವೋ ಎಂದು ತಹಶೀಲ್ದಾರರು ನೋಡಬೇಕಾಗಿ ಬಂದಿದೆ.